ರೋಗಿಯ ಮಂಚದ ಬಳಿ ಕ್ರೈಸ್ತ ನಂಬಿಕೆ: ಕಪಿಲೆಯ ಸೀಮೆಯಿಂದ ಒಂದು ಸಮೀಕ್ಷೆ

ಕಾಯಿಲೆ ಕಸಾಲೆ ಹೊತ್ತುಕೊಂಡು ದೇವರ ಬಾಗಿಲಿಗೆ ಬರುವುದು ನಂಜನಗೂಡಿಗೆ ಹೊಸದಲ್ಲ. ಶ್ರೀಕಂಠೇಶ್ವರನಿಗೆ ಹರಕೆ ಕಟ್ಟಿಕೊಂಡು, ಕಪಿಲೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಉರುಳುಸೇವೆ ಮಾಡುವವರಲ್ಲಿ ಹೆಚ್ಚಿನವರು ಮೈಯ ನೋವಿಗೋ ಮನೆಯವರ ನೋವಿಗೋ ಪರಿಹಾರ ಬೇಡಿ ಬಂದವರು. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣುಬೇನೆ ಇಲ್ಲಿ ವಾಸಿಯಾಯಿತೆಂದೂ, ಸುಲ್ತಾನ ಪಚ್ಚೆಯ ಲಿಂಗವನ್ನು ಒಪ್ಪಿಸಿ ಸ್ವಾಮಿಯನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಊರು ಇವತ್ತಿಗೂ ಹೇಳಿಕೊಳ್ಳುತ್ತದೆ. ಕಪಿಲೆ ಇಲ್ಲಿಂದ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತ ಬಂದಿದೆ. ವೈದ್ಯನಾದ ದೇವರ ಕಲ್ಪನೆ ಈ ಎರಡು ತಾಲೂಕುಗಳ ಜನರಿಗೆ ಹುಟ್ಟಿನಿಂದಲೇ ಪರಿಚಿತ.

ಇಂಥ ನೆಲದಲ್ಲಿ ಕ್ರೈಸ್ತ ನಂಬಿಕೆ ರೋಗಿಗೆ ಏನನ್ನು ಕೊಡುತ್ತಿದೆ? 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87ರಷ್ಟು. ನಂಜನಗೂಡು, ನರಸೀಪುರದ ಹಳ್ಳಿಗಾಡಿನಲ್ಲಿ ಅವರು ಅಲ್ಲೊಂದು ಇಲ್ಲೊಂದು ಮನೆಯವರು. ಆದರೂ ಕಾಯಿಲೆಯ ವಿಷಯ ಬಂದಾಗ ಕ್ರೈಸ್ತರ ಪ್ರಾರ್ಥನೆ, ಕ್ರೈಸ್ತರ ಆಸ್ಪತ್ರೆ, ಕ್ರೈಸ್ತರ ಪುಣ್ಯಕ್ಷೇತ್ರ ಇವೆಲ್ಲ ಆ ಧರ್ಮದವರಲ್ಲದವರ ಬಾಯಲ್ಲೂ ಬರುತ್ತವೆ. ಇದನ್ನು ಬರೇ ಮತಾಂತರದ ಜಗಳವಾಗಿ ನೋಡುವವರಿದ್ದಾರೆ, ಬರೇ ಪವಾಡದ ಸುದ್ದಿಯಾಗಿ ನೋಡುವವರೂ ಇದ್ದಾರೆ. ಎರಡರ ನಡುವೆ ರೋಗಿಯೇ ಕಾಣೆಯಾಗುತ್ತಾನೆ. ಅವನನ್ನು ನಡುವಿಗೆ ತಂದು ಈ ಪ್ರಶ್ನೆಯನ್ನು ಕೇಳಬೇಕು ಎಂಬುದು ಈ ಬರಹದ ಆಸೆ.

ಚರಿತ್ರೆಯಿಂದ ಹೊರಟರೆ ಮೊದಲು ಸಿಗುವವರು ಆಬೆ ದ್ಯುಬುವಾ. ಫ್ರಾನ್ಸಿನ ಈ ಪಾದ್ರಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಗಂಜಾಮಿನಲ್ಲಿ ನೆಲೆಸಿದರು, ಊರವರಂತೆಯೇ ಉಟ್ಟು ಉಂಡು ಬದುಕಿದರು. ಆ ಕಾಲಕ್ಕೆ ಸಿಡುಬು ಬಂದರೆ ಅಮ್ಮ ಬಂದಳೆಂದು ಬೇವಿನ ಸೊಪ್ಪು ಕಟ್ಟಿ ಕಾಯುವುದನ್ನು ಬಿಟ್ಟರೆ ಜನರಿಗೆ ಬೇರೆ ದಾರಿಯಿರಲಿಲ್ಲ. ಇಂಗ್ಲೆಂಡಿನಲ್ಲಿ ಜೆನ್ನರ್ ಹಸುವಿನ ಸಿಡುಬಿನ ಲಸಿಕೆಯನ್ನು ಪ್ರಕಟಿಸಿದ್ದು 1798ರಲ್ಲಿ. ಕೆಲವೇ ವರ್ಷಗಳಲ್ಲಿ, 1803–04ರ ಹೊತ್ತಿಗೆ, ದ್ಯುಬುವಾ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ದಾಖಲೆಯಿದೆ. ದೊಡ್ಡ ಆಸ್ಪತ್ರೆಯಿಲ್ಲ, ಒಳ್ಳೆಯ ರಸ್ತೆಯಿಲ್ಲ, ಲಸಿಕೆಯ ರಸವನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸಬೇಕಿದ್ದ ಕಾಲ ಅದು. ಅಂಥ ಕಾಲದಲ್ಲಿ ಅಷ್ಟು ಜನ ತೋಳು ಚಾಚಿದರೆಂದರೆ ಆ ಪಾದ್ರಿಯ ಮೇಲೆ ಅವರಿಗಿದ್ದ ವಿಶ್ವಾಸ ಎಂಥದಿರಬೇಕು!

ಇದೇ ದ್ಯುಬುವಾ 1823ರಲ್ಲಿ ಫ್ರಾನ್ಸಿಗೆ ಮರಳುವ ಹೊತ್ತಿಗೆ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವ ಕೆಲಸ ಆಗುವಂಥದ್ದಲ್ಲ ಎಂದು ಕೈಚೆಲ್ಲಿ ಬರೆದರು. ಮಿಷನರಿಗಳಿಗೆ ಆ ಮಾತು ಬಹಳ ನೋವು ಮಾಡಿತು. ನನಗಂತೂ ಈ ಸೀಮೆಯ ಕ್ರೈಸ್ತ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ ಅನ್ನಿಸುತ್ತದೆ. ಧರ್ಮಬೋಧನೆಯಲ್ಲಿ ತಾನು ಸೋತೆನೆಂದುಕೊಂಡ ಮನುಷ್ಯ ರೋಗಿಗಳ ನಡುವೆ ಸೋಲಲಿಲ್ಲ. ಅವರ ಲಸಿಕೆ ಯಾರ ದೇವರನ್ನೂ ಬದಲಿಸಲಿಲ್ಲ, ಸಾವಿರಾರು ಮಕ್ಕಳನ್ನು ಉಳಿಸಿತು.

ಮುಂದಿನ ನೂರು ವರ್ಷದಲ್ಲಿ ಆಸ್ಪತ್ರೆಗಳು ಬಂದವು. ಬೆಂಗಳೂರಿನಲ್ಲಿ 1886ರ ಸೇಂಟ್ ಮಾರ್ಥಾಸ್, ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆರಂಭಿಸಿದ ಹೋಮಿಯೋಪಥಿ ಔಷಧಾಲಯ, ಅದರ ಮಗ್ಗುಲಲ್ಲೇ ಕುಷ್ಠರೋಗಿಗಳ ಆಸರೆ. ನಂಜನಗೂಡು, ನರಸೀಪುರದ ಕಡೆಯವರಿಗೆ ಹತ್ತಿರದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. 1906ರಲ್ಲಿ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ ಇದನ್ನು ಹೆಂಗಸರು ಮಕ್ಕಳಿಗೆಂದು ತೆರೆಯಿತು. ಜನ ಆ ಉದ್ದನೆಯ ಹೆಸರನ್ನು ಬಿಟ್ಟು ‘ಮಿಷನ್ ಆಸ್ಪತ್ರೆ’ ಎಂದೇ ಕರೆದರು. ಗಂಡು ಡಾಕ್ಟರು ಮುಟ್ಟಬಾರದೆಂದು ಹೆರಿಗೆಮನೆಯಲ್ಲೇ ಪ್ರಾಣ ಬಿಡುತ್ತಿದ್ದ ಹೆಂಗಸರಿಗೆ, ಹೆಣ್ಣು ಡಾಕ್ಟರು ಹೆಣ್ಣು ನರ್ಸುಗಳಿದ್ದ ಆ ಜಾಗ ಎಂಥ ಧೈರ್ಯ ಕೊಟ್ಟಿರಬೇಕೆಂದು ಹಳೇ ಮೈಸೂರಿನ ಅಜ್ಜಿಯಂದಿರನ್ನು ಕೇಳಿದರೆ ತಿಳಿಯುತ್ತದೆ. ಜಾತಿ ನೋಡದೆ ಎಲ್ಲರ ಮೈಯನ್ನೂ ಒರೆಸುವ ಕೈಗಳನ್ನು ಹಲವರು ಮೊದಲು ಕಂಡದ್ದು ಇಂಥ ವಾರ್ಡುಗಳಲ್ಲಿ. ಅಸ್ಪೃಶ್ಯತೆಯನ್ನು ಉಂಡು ಬೆಳೆದ ಸಮುದಾಯಗಳಿಗೆ ಆ ಸ್ಪರ್ಶವೇ ಅರ್ಧ ಔಷಧಿ.

ಪೂರ್ವಕ್ಕೆ, ಈಗಿನ ಚಾಮರಾಜನಗರ ಜಿಲ್ಲೆಯಲ್ಲಿ, ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆಯಿದೆ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಭಕ್ತರು ಅಸ್ವಸ್ಥರಾದರು, 17 ಜನ ತೀರಿಕೊಂಡರು. ಆ ಹೊತ್ತಿನಲ್ಲಿ ರೋಗಿಗಳನ್ನು ಮೊದಲು ಹೊತ್ತೊಯ್ದ ಆಸ್ಪತ್ರೆಗಳಲ್ಲಿ ಕಾಮಗೆರೆಯದೂ ಒಂದು. ಮಾರಮ್ಮನ ಭಕ್ತರನ್ನು ಶಿಲುಬೆಯ ಕೆಳಗಿನ ಮಂಚಗಳಲ್ಲಿ ಮಲಗಿಸಿ ಉಪಚರಿಸಿದಾಗ ಯಾರೂ ಯಾರ ನಂಬಿಕೆಯನ್ನೂ ವಿಚಾರಿಸಲಿಲ್ಲ. ಕ್ರೈಸ್ತ ಸಾಂತ್ವನ ಎಂಬುದಕ್ಕೆ ಉದಾಹರಣೆ ಕೊಡೆಂದರೆ ನಾನು ಯಾವ ಪವಾಡವನ್ನೂ ಹೇಳುವುದಿಲ್ಲ, ಆ ದಿನವನ್ನು ಹೇಳುತ್ತೇನೆ.

ಆಸ್ಪತ್ರೆಯ ದಾರಿಯಲ್ಲದೆ ಇನ್ನೊಂದು ದಾರಿ ಹರಕೆಯದು. ಈ ದಾರಿಯಲ್ಲಿ ನಂಜನಗೂಡಿನ ಭಕ್ತನಿಗೂ ಚರ್ಚಿನ ಭಕ್ತನಿಗೂ ಹೆಚ್ಚು ದೂರವಿಲ್ಲ. ಕೆ.ಆರ್. ನಗರ ತಾಲೂಕಿನ ದೋರನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರಕ್ಕೆ ಜೂನ್ 13ರ ಹಬ್ಬದಂದು ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ಹೊಲ ಉಳುತ್ತಿದ್ದ ರೈತನಿಗೆ ಮರದ ವಿಗ್ರಹವೊಂದು ಸಿಕ್ಕಿತೆಂಬುದು ಅಲ್ಲಿನ ಸ್ಥಳಪುರಾಣ. 2019ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ದೊರಕಿತು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಅಡಿಗಲ್ಲನ್ನು 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಇಟ್ಟರು. ಅದಕ್ಕೆ ಮೊದಲೇ ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು ಸಂತ ಫಿಲೋಮಿನಾಳ ಅವಶೇಷವನ್ನು ತರಿಸಿದ್ದರು. ಯುರೋಪಿನಲ್ಲಿ ಫಿಲೋಮಿನಾ ಮನೆಮಾತಾದದ್ದೇ ರೋಗ ವಾಸಿಮಾಡುವವಳೆಂದು. ಸಾಯುವ ಸ್ಥಿತಿಯಲ್ಲಿದ್ದ ಫ್ರಾನ್ಸಿನ ಪೋಲಿನ್ ಜರಿಕೋ 1835ರಲ್ಲಿ ಇಟಲಿಯ ಮುಞ್ಞಾನೋದಲ್ಲಿ ಗುಣಮುಖಳಾದ ಮೇಲೆ ಆ ಹೆಸರು ಹರಡಿತು. 1961ರಲ್ಲಿ ರೋಮ್ ಆಕೆಯ ಹಬ್ಬವನ್ನು ಪಂಚಾಂಗದಿಂದ ತೆಗೆಯಿತು. ಮೈಸೂರಿನ ಜನ ಅದನ್ನು ಕೇಳಿ ಹೋಗುವುದನ್ನು ನಿಲ್ಲಿಸಲಿಲ್ಲ. ವೇಳಾಂಕಣಿಯ ಆರೋಗ್ಯಮಾತೆಗೆ ಈ ಕಡೆಯಿಂದ ರೈಲು ಬಸ್ಸು ಹಿಡಿದು ಹೋಗಿ, ಗುಣವಾದ ಅಂಗದ ಬೆಳ್ಳಿಯ ತಗಡನ್ನು ಒಪ್ಪಿಸಿ ಬರುವವರೂ ಇದ್ದಾರೆ.

ಹರಕೆಯನ್ನು ಹೀಗಳೆಯುವುದು ಓದಿಕೊಂಡವರಿಗೆ ಸುಲಭ. ನಾನು ಹಾಗೆ ಮಾಡಲಾರೆ. ತಿಂಗಳುಗಟ್ಟಲೆ ಮಲಗಿದವರಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಎಲ್ಲವನ್ನೂ ಬೇರೆಯವರು ಅವರಿಗೆ ಮಾಡುತ್ತಿರುತ್ತಾರೆ. ನೊವೇನದ ಒಂಬತ್ತು ದಿನ, ಜಪಸರದ ಐವತ್ತಮೂರು ನಮೋ ಮರಿಯ, ಕ್ಷೇತ್ರಕ್ಕೆ ಹೋಗಿಬರುತ್ತೇನೆಂಬ ಮಾತು, ಇವು ರೋಗಿಯ ಕೈಗೆ ಒಂದು ಕೆಲಸವನ್ನು ಮರಳಿ ಕೊಡುತ್ತವೆ. ತೊಂದರೆ ಶುರುವಾಗುವುದು ಹರಕೆ ಲೆಕ್ಕಾಚಾರವಾದಾಗ: ಕೊಟ್ಟೆ, ನೀನೇಕೆ ಕೊಡಲಿಲ್ಲ ಎಂಬಲ್ಲಿಗೆ ಮುಟ್ಟಿದಾಗ.

ಈಗ ಹಳ್ಳಿಗಳಲ್ಲಿ ಹೆಚ್ಚು ಕೇಳಿಬರುವುದು ಮೂರನೆಯ ದಾರಿ, ಪ್ರಾರ್ಥನಾ ಕೂಟಗಳದು. ಶೀಟಿನ ಮಾಡು, ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡು, ಭಾನುವಾರದ ಆರಾಧನೆ, ವಾರದ ನಡುವೆ ಉಪವಾಸ ಪ್ರಾರ್ಥನೆ. ಅಲ್ಲಿ ಪಾಸ್ಟರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಎಣ್ಣೆ ಹಚ್ಚುತ್ತಾರೆ. ವಾಸಿಯಾದವರು ಎದ್ದುನಿಂತು ಸಾಕ್ಷಿ ಹೇಳುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರು, ಲಕ್ವ ಹೊಡೆದವರು, ಕುಡಿತದ ಗಂಡನ ಏಟಿನಿಂದ ಮೈನೊಂದವರು, ಮೈಸೂರಿನ ದೊಡ್ಡಾಸ್ಪತ್ರೆಗೆ ಅಲೆದು ಅಲೆದು ಸಾಲ ಮಾಡಿಕೊಂಡವರು ಅಲ್ಲಿ ಸೇರುತ್ತಾರೆ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದಬದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದು ಬರಿಗೈಯಾದ ಹೆಂಗಸೊಬ್ಬಳಿದ್ದಾಳೆ. ಅವಳ ಕಥೆಗೆ ಇಲ್ಲಿ ಟಿಪ್ಪಣಿ ಬೇಕಿಲ್ಲ, ಕೇಳುವವರಿಗೆ ಅದು ಪಕ್ಕದ ಬೀದಿಯದು.

ಈ ಕೂಟಗಳ ಒಳ್ಳೆಯದನ್ನು ಮೊದಲು ಒಪ್ಪಿಕೊಳ್ಳಬೇಕು. ಊರಿನ ಪಂಕ್ತಿಯಲ್ಲಿ ಕೊನೆಗೆ ಕೂರಬೇಕಾದ ಹೆಂಗಸಿಗೆ ಅಲ್ಲಿ ಹೆಸರು ಹಿಡಿದು ‘ಹೆಂಗಿದ್ದೀಯವ್ವ’ ಎಂದು ಕೇಳುವವರಿದ್ದಾರೆ. ಅವಳು ಎರಡು ವಾರ ಬರದಿದ್ದರೆ ಮನೆಗೆ ಹೋಗಿ ನೋಡುವವರಿದ್ದಾರೆ. ಇವರಲ್ಲಿ ಪರಿಶಿಷ್ಟ ಜಾತಿಯ ಹಲವರು ಕಾಗದದಲ್ಲಿ ಕ್ರೈಸ್ತರಾಗಿರುವುದಿಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದರೆ ಪರಿಶಿಷ್ಟ ಜಾತಿಯ ಸೌಲಭ್ಯ ತಪ್ಪುತ್ತದೆ. ಹಾಗಾಗಿ ಕಾಯಿಲೆಯಲ್ಲಿ ಹಿಡಿದ ನಂಬಿಕೆಯನ್ನು ಬಾಯಿಬಿಟ್ಟು ಹೇಳಲಾಗದ ಇಕ್ಕಟ್ಟೂ ಅವರ ನೋವಿನ ಒಂದು ಪಾಲು. 2022ರಲ್ಲಿ ಬಂದ ಮತಾಂತರ ತಡೆ ಕಾಯಿದೆ ದೈವೀ ಕೋಪದ ಮಾತನ್ನೂ ಆಮಿಷದ ಪಟ್ಟಿಗೆ ಸೇರಿಸಿದಾಗ, ರೋಗಿಗಾಗಿ ಮಾಡುವ ಪ್ರಾರ್ಥನೆಯೂ ಅನುಮಾನದ ಕಣ್ಣಿಗೆ ಬಿತ್ತು.

ಆದರೆ ಕೆಡುಕನ್ನು ಮುಚ್ಚಿಡುವುದು ಈ ಜನರಿಗೆ ಮಾಡುವ ದ್ರೋಹ. ‘ನಂಬಿಕೆಯಿದ್ದರೆ ಮಾತ್ರೆ ಯಾಕೆ?’ ಎಂಬ ಮಾತು ಕೆಲವು ವೇದಿಕೆಗಳಿಂದ ಬರುತ್ತದೆ. ಇನ್ಸುಲಿನ್ ಬಿಟ್ಟ, ಫಿಟ್ಸಿನ ಗುಳಿಗೆ ಬಿಟ್ಟ, ಕ್ಷಯದ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದ ರೋಗಿಗೆ ಏನಾಗುತ್ತದೆಂದು ಯಾವ ನರ್ಸನ್ನು ಕೇಳಿದರೂ ಹೇಳುತ್ತಾಳೆ. ಪವಾಡದ ಮದ್ದಿನ ಜಾಹೀರಾತನ್ನು 1954ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ. ಹಾವು, ನಾಯಿ, ಚೇಳು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದನ್ನು ಕರ್ನಾಟಕದ 2017ರ ಮೌಢ್ಯ ತಡೆ ಕಾಯಿದೆ ಅಪರಾಧವೆಂದಿದೆ. ಇದು ಎಲ್ಲ ಧರ್ಮದವರಿಗೂ ಸಮನಾಗಿ ಅನ್ವಯವಾಗಬೇಕು, ಚರ್ಚಿಗೂ.

ಮಾತ್ರೆ ಬಿಡಿಸುವುದಕ್ಕಿಂತ ಮೆಲ್ಲಗೆ ಒಳಗಿಳಿಯುವ ಇನ್ನೊಂದು ಗಾಯವಿದೆ. ಸಾಕ್ಷಿ ಹೇಳಲು ಏಳುವವರು ಗುಣವಾದವರು ಮಾತ್ರ. ಗುಣವಾಗದವರು ಹಿಂದಿನ ಸಾಲಿನಲ್ಲಿ ಕೂತು, ತಮ್ಮ ನಂಬಿಕೆ ಸಾಲದೇನೋ, ತಮ್ಮ ಯಾವುದೋ ಪಾಪ ಅಡ್ಡ ಬಂದಿದೆಯೇನೋ ಎಂದು ಸವೆಯುತ್ತಾರೆ. ಇದು ನನ್ನ ಊಹೆಯಷ್ಟೇ ಅಲ್ಲ. ಅಮೆರಿಕದಲ್ಲಿ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ್ದ 55 ದಾಟಿದ ಸುಮಾರು 600 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ವರದಿ ಮಾಡಿದರು. ದೇವರು ನನ್ನ ಕೈಬಿಟ್ಟ, ಇದು ದೇವರ ಶಿಕ್ಷೆ ಎಂದು ಒಳಗೇ ಕೊರಗುತ್ತಿದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಪ್ರಾರ್ಥನೆಯನ್ನೇ ಮದ್ದಿನಂತೆ ಅಳೆಯಲು ಹೊರಟ ಅಧ್ಯಯನವೂ ಇದೆ. ಹೃದಯದ ಬೈಪಾಸ್ ಮಾಡಿಸಿಕೊಂಡ 1,802 ರೋಗಿಗಳ ಮೇಲೆ ನಡೆದ ಅದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅಪರಿಚಿತರ ಪ್ರಾರ್ಥನೆಯಿಂದ ತೊಡಕುಗಳೇನೂ ಕಡಿಮೆಯಾಗಲಿಲ್ಲ. ತಮಗಾಗಿ ಪ್ರಾರ್ಥಿಸುತ್ತಿದ್ದಾರೆಂದು ತಿಳಿದಿದ್ದವರಲ್ಲಿ ನೂರಕ್ಕೆ 59 ಮಂದಿಗೆ ತೊಡಕು ಬಂತು, ಖಚಿತವಾಗಿ ತಿಳಿಯದವರಲ್ಲಿ 52. ನಂಬುವವರು ಇದರಿಂದ ಎದೆಗುಂದಬೇಕಿಲ್ಲ. ಪ್ರಾರ್ಥನೆಯನ್ನು ಗುಳಿಗೆಯೆಂದು ಮಾರುವವರು ಮಾತ್ರ ಇದಕ್ಕೆ ಉತ್ತರ ಕೊಡಬೇಕು.

ಹಾಗಾದರೆ ಬೈಬಲ್ ರೋಗಿಗೆ ಹೇಳುವುದಾದರೂ ಏನು? ವೇದಿಕೆಗಳಲ್ಲಿ ಕೇಳುವುದಕ್ಕಿಂತ ಬಹಳ ಬೇರೆಯಾದದ್ದು. ಯೋಬನ ಗ್ರಂಥದಲ್ಲಿ 42 ಅಧ್ಯಾಯಗಳಿವೆ. ಮೈತುಂಬ ಹುಣ್ಣೆದ್ದು ಬೂದಿಯಲ್ಲಿ ಕೂತ ಯೋಬನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಅವನ ಜೊತೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರು. ಬಾಯಿ ತೆರೆದು, ನೀನು ಪಾಪ ಮಾಡಿರಬೇಕು, ಅದಕ್ಕೇ ಹೀಗಾಯಿತು ಎಂದು ವಿವರಿಸತೊಡಗಿದಾಗ ಕೆಡುತ್ತಾರೆ. ಕೊನೆಯಲ್ಲಿ ದೇವರ ಕೋಪ ಬೀಳುವುದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಈ ಗೆಳೆಯರ ಮೇಲೆ. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಇವನದೋ ಇವನ ತಂದೆತಾಯಿಯದೋ ಎಂದು ಕೇಳುತ್ತಾರೆ. ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ. ಕರ್ಮದ ಲೆಕ್ಕ ಹಾಕುವ ನಮ್ಮ ಊರುಗಳಲ್ಲಿ, ಅಂಗವಿಕಲ ಮಗು ಹುಟ್ಟಿದರೆ ತಾಯಿಯ ಕಡೆ ಬೆರಳು ತೋರಿಸುವ ಮನೆಗಳಲ್ಲಿ, ಆ ಒಂದು ನಿರಾಕರಣೆಯನ್ನು ಗಟ್ಟಿಯಾಗಿ ಸಾರಿದರೆ ಸಾಕು, ಎಷ್ಟೋ ಹೆಂಗಸರ ಎದೆಯ ಭಾರ ಇಳಿದೀತು.

ಪೌಲನಿಗೆ ಮೈಯಲ್ಲಿ ಏನೋ ಒಂದು ಬಾಧೆಯಿತ್ತು. ಅದನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿದೆನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಹೇಳಿಕೊಳ್ಳುತ್ತಾನೆ. ಬಾಧೆ ಹೋಗಲಿಲ್ಲ. ಕ್ರೈಸ್ತ ಸಭೆಯ ಅತಿ ದೊಡ್ಡ ಬೋಧಕನ ಪ್ರಾರ್ಥನೆಗೇ ವಾಸಿಯಾಗುವ ಉತ್ತರ ಸಿಗಲಿಲ್ಲವೆಂದ ಮೇಲೆ, ಗುಣವಾಗದ ರೋಗಿಯ ನಂಬಿಕೆಯನ್ನು ತೂಗಿ ನೋಡಲು ಯಾವ ಪಾಸ್ಟರಿಗೆ ಅಧಿಕಾರವಿದೆ? ಕೀರ್ತನೆಗಳಲ್ಲಿ 88ನೆಯದನ್ನು ತೆರೆದು ನೋಡಿ. ಸಂಕಟದಿಂದ ಹೊರಟು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅಂಥದ್ದನ್ನೂ ಪ್ರಾರ್ಥನೆಯೆಂದೇ ಒಪ್ಪಿ ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡಿದ್ದಾರೆ. ನೋವಿನಲ್ಲಿ ದೇವರನ್ನು ಬೈಯುವುದೂ ದೇವರ ಜೊತೆ ಮಾತೇ ಎಂಬ ಈ ಸಲಿಗೆ ವಚನಕಾರರನ್ನು, ದಾಸರನ್ನು ಕೇಳಿ ಬೆಳೆದ ಕನ್ನಡಿಗರಿಗೆ ಹೊರಗಿನದೆನ್ನಿಸಲಾರದು. ಕ್ರೈಸ್ತರು ಅದಕ್ಕೆ ಸೇರಿಸುವುದು ಶಿಲುಬೆಯನ್ನು: ದೇವರೇ ಮೈಯಲ್ಲಿ ನೊಂದು, ಕೈಬಿಟ್ಟೆಯೇಕೆ ಎಂದು ಕೂಗಿದನೆಂಬುದನ್ನು. ಶುಭ ಶುಕ್ರವಾರದ ಶಿಲುಬೆಹಾದಿಯಲ್ಲಿ ಕಾಯಿಲೆಯವರು ಮಂಡಿ ನೋವನ್ನೂ ಲೆಕ್ಕಿಸದೆ ಹದಿನಾಲ್ಕು ಸ್ಥಳಗಳಲ್ಲೂ ಬಾಗುವುದು ಈ ನೆಂಟಸ್ತಿಕೆಗಾಗಿ.

ಕಥೋಲಿಕ ಸಭೆ ರೋಗಿಗಳಿಗೆಂದೇ ಒಂದು ಸಂಸ್ಕಾರವನ್ನು ಇಟ್ಟುಕೊಂಡಿದೆ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನು ಆಧರಿಸಿದ ರೋಗಿಗಳ ಅಭ್ಯಂಗ ಅದು. ಬಹುಕಾಲ ಅದನ್ನು ಸಾಯುವವರಿಗೆ ಮಾತ್ರ ಕೊಡುತ್ತಿದ್ದುದರಿಂದ ಗುರುಗಳು ಎಣ್ಣೆ ಹಿಡಿದು ಬಂದರೆಂದರೆ ಮನೆಯವರು ಅಳತೊಡಗುತ್ತಿದ್ದರು. 1972ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಇದನ್ನು ತಿದ್ದಿ, ಕಠಿಣ ಕಾಯಿಲೆಯ ಎಲ್ಲರಿಗೂ, ಬೇಕಾದರೆ ಮತ್ತೆ ಮತ್ತೆ, ಕೊಡಬಹುದೆಂದರು. ಐವತ್ತು ವರ್ಷ ದಾಟಿದರೂ ಹಳೆಯ ಹೆದರಿಕೆ ಹಳ್ಳಿಗಳಲ್ಲಿ ಪೂರಾ ಹೋಗಿಲ್ಲ. 1993ರಿಂದ ಪ್ರತಿ ಫೆಬ್ರವರಿ 11ನ್ನು ರೋಗಿಗಳ ದಿನವಾಗಿ ಆಚರಿಸುತ್ತಾರೆ. ಆ ಒಂದು ದಿನ ಚರ್ಚಿಗೆ ಕರೆತಂದು ಎಣ್ಣೆ ಹಚ್ಚುವುದಕ್ಕಿಂತ, ಮಂಚ ಬಿಟ್ಟೇಳಲಾಗದವರ ಮನೆಗೆ ವರ್ಷವಿಡೀ ಹೋಗುವುದು ಹೆಚ್ಚಿನದು.

ನಂಬಿಕೆಯೂ ವೈದ್ಯವೂ ಒಂದೇ ಮೈಯಲ್ಲಿ ಕೂಡಿದ ಉದಾಹರಣೆಗೆ ನಮ್ಮ ಕಡೆಯ ರೋಗಿಗಳೂ ಹೋಗುವ ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಯನ್ನು ನೋಡಬೇಕು. 1954ರಲ್ಲಿ ಅಲ್ಲಿನ ಯುವ ವೈದ್ಯೆ ಮೇರಿ ವರ್ಗೀಸ್ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗುಣವಾಗಲೆಂದು ಎಷ್ಟೋ ಜನ ಪ್ರಾರ್ಥಿಸಿದರು, ಕಾಲು ಬರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಮುದುಡಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ವೆಲ್ಲೂರಿನ ಪುನರ್ವಸತಿ ವಿಭಾಗವನ್ನು ಕಟ್ಟಿದರು. ಅವರಿಗೆ ಆ ಶಸ್ತ್ರಚಿಕಿತ್ಸೆಯ ದಾರಿ ತೋರಿದ ಪಾಲ್ ಬ್ರಾಂಡ್, ಕುಷ್ಠದಲ್ಲಿ ಬೆರಳು ಹೋಗುವುದು ನೋವು ತಿಳಿಯದಿರುವುದರಿಂದ ಎಂದು ಕಂಡುಕೊಂಡು, ನೋವನ್ನು ದೇವರ ಕೊಡುಗೆಯೆಂದರು. ಆ ಮಾತು ಬೆರಳಿನ ಮಟ್ಟಿಗೆ ನಿಜ. ಎಲುಬಿಗಿಳಿದ ಕ್ಯಾನ್ಸರಿನಿಂದ ರಾತ್ರಿಯಿಡೀ ಕಿರುಚುವವರ ಮುಂದೆ ಯಾರೂ ಅದನ್ನು ಆಡಬಾರದು.

ಆ ನೋವಿಗೆ ಬೇಕಾದದ್ದು ಲಂಡನ್ನಿನ ಸಿಸಿಲಿ ಸಾಂಡರ್ಸ್ ಹಾಕಿದ ದಾರಿ. ನರ್ಸಾಗಿ, ಸಮಾಜ ಕಾರ್ಯಕರ್ತೆಯಾಗಿ, ಕಡೆಗೆ ಡಾಕ್ಟರಾಗಿ ಓದಿದ ಈ ಶ್ರದ್ಧಾವಂತ ಕ್ರೈಸ್ತ ಮಹಿಳೆ 1967ರಲ್ಲಿ ಸಾವಿನಂಚಿನ ರೋಗಿಗಳನ್ನು ಆರೈಕೆ ಮಾಡುವ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪೈಸ್ ತೆರೆದರು. ಮೈಯ ನೋವು, ಮನಸ್ಸಿನ ನೋವು, ಮನೆಯ ಚಿಂತೆ, ದೇವರ ಜೊತೆಗಿನ ಜಗಳ ಇವೆಲ್ಲ ಸೇರಿ ಒಂದೇ ನೋವು ಎಂದು ಅವರು ಕಲಿಸಿದರು. ಮಾರ್ಫಿನ್ನನ್ನು ಹೊತ್ತು ಹೊತ್ತಿಗೆ ಕೊಡಿ, ಆಮೇಲೆ ಕೈಹಿಡಿದು ಕೂತುಕೊಳ್ಳಿ ಎಂಬುದು ಅವರ ಕ್ರಮ. ಭಾರತದಲ್ಲಿ ಮಾರ್ಫಿನ್ ಸಿಗುವುದನ್ನು ಕಗ್ಗಂಟಾಗಿಸಿದ್ದ 1985ರ ಮಾದಕ ವಸ್ತು ಕಾಯಿದೆಯನ್ನು 2014ರಲ್ಲಿ ಸಡಿಲಿಸಲಾಯಿತು. ಸಡಿಲಾದ ಕಾಯಿದೆ ಮೈಸೂರಿನಿಂದ ಹಳ್ಳಿಯ ಮಂಚದವರೆಗೆ ಮುಟ್ಟುವುದು ಇನ್ನೂ ಬಾಕಿಯಿರುವ ಕೆಲಸ.

2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರಿಂದ ಕೋವಿಡ್ ಹರಡಿ, ಊರು ರಾಜ್ಯದ ಸುದ್ದಿಯಾಯಿತು. ಆ ವರ್ಷ ಶುಭ ಶುಕ್ರವಾರ ಏಪ್ರಿಲ್ 10ಕ್ಕೆ, ಈಸ್ಟರ್ 12ಕ್ಕೆ ಬಂದವು. ಚರ್ಚುಗಳೂ ದೇವಸ್ಥಾನವೂ ಮುಚ್ಚಿದ್ದವು. ಕೈಯಿಟ್ಟು ಪ್ರಾರ್ಥಿಸುವಂತಿರಲಿಲ್ಲ, ಎಣ್ಣೆ ಹಚ್ಚುವಂತಿರಲಿಲ್ಲ, ಕ್ಷೇತ್ರಕ್ಕೆ ಹೋಗುವಂತಿರಲಿಲ್ಲ. ಸೋಂಕಿತರ ಮನೆಗಳನ್ನು ನೆರೆಯವರು ದೂರವಿಟ್ಟ ಆ ವಾರಗಳಲ್ಲಿ ಉಳಿದದ್ದು ಫೋನಿನಲ್ಲಿ ಕೇಳುವ ಒಂದು ದನಿ, ಬಾಗಿಲಲ್ಲಿಟ್ಟು ಹೋಗುವ ಅಕ್ಕಿ ಬೇಳೆ. ನಂಬಿಕೆಯ ಹೊರಗಿನ ಆಸರೆಗಳೆಲ್ಲ ಕಳಚಿದಾಗ ರೋಗಿ ಏನನ್ನು ಬಯಸುತ್ತಾನೆಂದು ಅಷ್ಟು ಸ್ಪಷ್ಟವಾಗಿ ಇನ್ನೆಂದೂ ಕಂಡಿರಲಿಲ್ಲ.

ಈ ಸೀಮೆಯ ಫಾದರುಗಳಲ್ಲಿ, ಸಿ.ಎಸ್.ಐ. ಸಭೆಯ ಅಯ್ಯನವರಲ್ಲಿ, ಶೀಟಿನ ಮಾಡಿನ ಕೆಳಗಿನ ಪಾಸ್ಟರುಗಳಲ್ಲಿ ನನ್ನ ಕೋರಿಕೆ ಇಷ್ಟು. ಸಾಕ್ಷಿಯ ಹೊತ್ತಿನಲ್ಲಿ ಗುಣವಾಗದವರನ್ನೂ ಕರೆಯಿರಿ, ಅವರು ಹೇಗೆ ಬದುಕುತ್ತಿದ್ದಾರೆಂದು ಕೇಳಿ. ಯಾರ ಮಾತ್ರೆಯನ್ನೂ ಬಿಡಿಸಬೇಡಿ. ಬಿಟ್ಟವರಿದ್ದರೆ ಕೂಟ ಮುಗಿದ ಮೇಲೆ ನೀವೇ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾಯಿಲೆಯನ್ನು ಪಾಪಕ್ಕೆ ಗಂಟು ಹಾಕುವ ಮಾತನ್ನು ಪ್ರಸಂಗದಿಂದ ತೆಗೆದುಹಾಕಿ. ನಿಮ್ಮ ಸಭೆಯ ಇಬ್ಬರಿಗಾದರೂ ನೋವು ತಗ್ಗಿಸುವ ಉಪಶಾಮಕ ಆರೈಕೆಯ ತರಬೇತಿ ಕೊಡಿಸಿ, ಅವರು ಯಾವ ಜಾತಿಯ, ಯಾವ ದೇವರ ಮನೆಗಾದರೂ ಹೋಗಿ ಹುಣ್ಣು ತೊಳೆದು ಬರುವಂತಾಗಲಿ.